ಒಬ್ಬನಿಗೆ ಆರತಿ ಬಾಕಿ

ಪಿರಿಯಾಪಟ್ಟಣದಾಚೆ, ಹೊಗೆಸೊಪ್ಪಿನ ಹಳೇ ಗೋದಾಮಿನ ಪಕ್ಕದಲ್ಲಿ ಶುಂಠಿ ತೊಳೆದು ಒಣಗಿಸುವ ಕಾರ್ಖಾನೆ ಎದ್ದಿತ್ತು. ಕಟ್ಟಿಸಿದ್ದು ಸುತ್ತಲಿನ ರೈತರು ಸೇರಿ ಮಾಡಿಕೊಂಡ ಕಂಪನಿ. ನಿಂತು ಕಟ್ಟಿದವನು ಮುಜಫರ್. ಹುಣಸೂರಿನ ಮರದ ಮಿಲ್ಲಿನ ಮನೆತನದವನು. ಖಾಲಿ ಹೊಲ ತೋರಿಸಿದರೆ ಸಾಕು, ಎಲ್ಲಿ ಪಾಯ, ಎಲ್ಲಿ ಬಾಯ್ಲರು, ಯಾವ ತಿಂಗಳು ಯಾವ ಯಂತ್ರ ಬರಬೇಕು ಎಂದೆಲ್ಲ ಗೋಡೆಯಗಲದ ಚಾರ್ಟು ಬರೆದು ಅಂಟಿಸಿಬಿಡುತ್ತಿದ್ದ. ಅದನ್ನು ನೋಡಿದ ರೈತರಿಗೆ ತಲೆ ತಿರುಗುತ್ತಿತ್ತು, ಅವನಿಗೆ ಮಾತ್ರ ಅದರಿಂದಲೇ ನೆಮ್ಮದಿಯ ನಿದ್ದೆ ಬರುತ್ತಿತ್ತು.

ಚಾರ್ಟು ಹೇಳಿದಂತೆ ಯಾವುದೂ ನಡೆಯಲಿಲ್ಲ ಎನ್ನುವುದು ಬೇರೆ ಮಾತು. ಪಾಯ ತೆಗೆದರೆ ಬಂಡೆ ಸಿಕ್ಕಿತು. ಕೊಯಮತ್ತೂರಿನಿಂದ ಹೊರಟ ತೊಳೆಯುವ ಡ್ರಮ್ಮು ಹುಣಸೂರಿನ ತಿರುವಿನಲ್ಲಿ ಲಾರಿ ಸಮೇತ ಸಿಕ್ಕಿಹಾಕಿಕೊಂಡು ಅರ್ಧ ಪೇಟೆಯನ್ನೇ ನಿಲ್ಲಿಸಿತು. ಸಣ್ಣ ಡ್ರಮ್ಮಲ್ಲ ಅದು. ಆಳು ಬಗ್ಗದೆ ಒಳಗೆ ಓಡಾಡಬಹುದು, ಸುತ್ತಲೂ ಕಬ್ಬಿಣದ ರೆಕ್ಕೆಗಳು, ತಿರುಗಿದರೆ ಗುಡ್ಡದಷ್ಟು ಶುಂಠಿಯನ್ನು ಎತ್ತೆತ್ತಿ ಹಾಕುತ್ತದೆ. ಇಷ್ಟೆಲ್ಲ ಒದ್ದಾಟದಲ್ಲೂ ಒಬ್ಬ ಕೆಲಸಗಾರನಿಗೂ ಗಾಯದ ಹೊಲಿಗೆ ಬೀಳದಂತೆ ಮುಜಫರ್ ಕೆಲಸವನ್ನು ದಡ ಮುಟ್ಟಿಸಿದ್ದ. ಅವನಿಗೆ ಹೆಮ್ಮೆ ಎಂಬುದಿದ್ದರೆ ಅದೊಂದೇ.

ಅದಕ್ಕೆ ಕಾರಣ ಬೀಗ. ಯಂತ್ರದೊಳಗೆ ಕೈ ಹಾಕುವವನು ಮೊದಲು ಅದರ ಮೇನ್ ಸ್ವಿಚ್ಚಿಗೆ ತನ್ನ ಬೀಗ ಜಡಿಯಬೇಕು, ಬೀಗದ ಕೈ ತನ್ನ ಜೇಬಿನಲ್ಲೇ ಇರಬೇಕು. ಸ್ವಿಚ್ಚಿನ ಮೇಲೆ ಬೀಗವಿದೆ ಎಂದರೆ ಒಳಗೆ ಯಾರೋ ಇದ್ದಾರೆ ಎಂದರ್ಥ. 'ಹೆಂಡ್ತಿ ಒಡವೆ ಪೆಟ್ಟಿಗೇಗೂ ಇಷ್ಟು ಬೀಗ ಆಕಿಲ್ಲ ಸಾರ್' ಎಂದು ಕೆಲಸಗಾರರು ಕಿಚಾಯಿಸುತ್ತಿದ್ದರು. ಮುಜಫರ್ ನಗುತ್ತಿದ್ದ, ಆದರೆ ಬೀಗ ಬಿಡುತ್ತಿರಲಿಲ್ಲ.

ಶುರು ಮಾಡುವ ಬುಧವಾರ ಬಂತು. ಕಿತ್ತ ಶುಂಠಿಯ ಟ್ರ್ಯಾಕ್ಟರುಗಳು ಬೆಳಿಗ್ಗೆಯೇ ಗೇಟಿನಾಚೆ ಸಾಲುಗಟ್ಟಿದ್ದವು. ಕೆಲಸವೆಲ್ಲ ಮುಗಿದಿದ್ದರಿಂದ ಹಿಂದಿನ ಸಂಜೆಯೇ ಬೀಗಗಳನ್ನು ತೆಗೆಸಿದ್ದರು. ಎಲೆಕ್ಟ್ರಿಷಿಯನ್ ಸಾಗರ್ ಸ್ವಿಚ್ ಬೋರ್ಡನ್ನು ಫಳಫಳ ಒರೆಸಿ, ವಿಭೂತಿ ಪಟ್ಟೆ ಎಳೆದು, ಕುಂಕುಮವಿಟ್ಟು, ಒಂದೊಂದು ಸ್ವಿಚ್ಚಿಗೂ ಸೇವಂತಿಗೆ ಹಾರ ಹಾಕಿದ್ದ. ಮುಜಫರನೇ ದೂರ ನಿಂತು ನೋಡಿ ಚೆನ್ನಾಗಿದೆ ಎಂದಿದ್ದ. ನಿಜಕ್ಕೂ ಚೆನ್ನಾಗಿತ್ತು.

ಪುರೋಹಿತರ ಮಂತ್ರ ಮುಗಿದು, ಕುಂಬಳಕಾಯಿ ಒಡೆದು, ವಾಲಗದವರು ಕಿವಿ ಕಿತ್ತುಹೋಗುವಂತೆ ಊದತೊಡಗಿದಾಗ ಹನ್ನೆರಡಕ್ಕೆ ಸ್ವಲ್ಪವೇ ಬಾಕಿ. ಕಂಪನಿಯ ಅಧ್ಯಕ್ಷ ನಂಜುಂಡಸ್ವಾಮಿ ಗಡಿಯಾರ ನೋಡಿಕೊಂಡು ಬಂದ.

"ಸಾಹೇಬ್ರೇ, ಅನ್ನೆರಡಕ್ಕೆ ರಾಹುಕಾಲ ಕಣ್ರೀ. ಅದ್ರೊಳಗೆ ಒತ್ತಿಬುಡಿ."

ಮುಜಫರ್ ಬೋರ್ಡಿನ ಕಡೆ ನೋಡಿದ. ಎಲ್ಲೂ ಬೀಗವಿರಲಿಲ್ಲ. ತಲೆಯಾಡಿಸಿದ. ಸಾಗರ್ ಹಾರ ಅಲುಗದ ಹಾಗೆ ಬೆರಳು ತೂರಿಸಿ ಡ್ರಮ್ಮಿನ ಸ್ವಿಚ್ಚು ಮೇಲೆತ್ತಿದ. ಇನ್ನು ಮೇಜಿನ ಮೇಲಿನ ಹಸಿರು ಗುಂಡಿ ಒತ್ತುವುದೊಂದೇ ಉಳಿದಿತ್ತು. ಮುಜಫರ್ ಅದರ ಮೇಲೆ ಹೆಬ್ಬೆರಳಿಟ್ಟ.

"ಒಸಿ ತಡೀರಿ" ಎಂದು ಆರತಿ ತಟ್ಟೆ ಹಿಡಿದ ಪುಟ್ಟತಾಯಮ್ಮ ಮೇಜಿನ ಮುಂದೆಯೇ ಬಂದು ನಿಂತರು. ನಂಜುಂಡಸ್ವಾಮಿಯ ಅಕ್ಕ, ಕಂಪನಿಯಲ್ಲಿ ಪಾಲುದಾರರು, ಪಾಯ ತೆಗೆದ ದಿನದಿಂದ ಕೆಲಸಗಾರರ ಅಡುಗೆಯೂ ಅವರದೇ ಉಸ್ತುವಾರಿ. "ಯತೀಸ ಎಲ್ಲವ್ನೆ? ಅವ್ನಿನ್ನೂ ಆರ್ತಿ ತಗಂಡಿಲ್ಲ."

ಯತೀಶ, ಕೆ.ಆರ್. ನಗರದ ಕಡೆಯವನು, ಯಂತ್ರ ಜೋಡಿಸುವ ಫಿಟ್ಟರು. ಸುತ್ತ ನೋಡಿದರೆ ಕಾಣಲಿಲ್ಲ.

"ಆಮ್ಯಾಕೆ ಕೊಟ್ರಾಯ್ತು ಬುಡಕ್ಕ, ಟೇಮಾಯ್ತದೆ" ಎಂದ ನಂಜುಂಡಸ್ವಾಮಿ.

"ಅಂಗಾದ್ರೆ ನಿಂಗೂ ಆಮ್ಯಾಕೇ ಕೊಡ್ತಿದ್ದೆ ಕಣ್ಲಾ. ವರ್ಸವೆಲ್ಲ ಬಿಸ್ಲಲ್ಲಿ ಬೆಂದೋರು ಅವ್ರು. ಅವ್ನು ತಗಳೋಗಂಟ ಇದು ಸುರುವಾಗಬ್ಯಾಡ."

ಮುಜಫರನಿಗೆ ಒಳಗೇ ಸಿಟ್ಟು ಬಂತು. ಇಷ್ಟು ದೊಡ್ಡ ಕೆಲಸ ಕೊನೆಗೆ ಒಂದು ತಟ್ಟೆ ಕರ್ಪೂರಕ್ಕೆ ನಿಲ್ಲಬೇಕೇ ಎನಿಸಿತು. ಆದರೆ ಎದುರು ನಿಂತಿದ್ದು ವರ್ಷವಿಡೀ ಅನ್ನ ಹಾಕಿದ ಹೆಂಗಸು. ನಿಟ್ಟುಸಿರು ಬಿಟ್ಟು ಗುಂಡಿಯಿಂದ ಬೆರಳು ತೆಗೆದ. ಯತೀಶನನ್ನು ಕೂಗಿ ಕರೆಯಬೇಕಲ್ಲ ಎಂದು ವಾಲಗದವರಿಗೆ ನಿಲ್ಲಿಸಲು ಕೈ ಮಾಡಿದ.

ವಾಲಗ ನಿಂತಿತು. ಶೆಡ್ಡು ಥಟ್ಟನೆ ಮೌನವಾಯಿತು. ಆಗ ಡ್ರಮ್ಮಿನೊಳಗಿಂದ ಟಣ್, ಟಣ್ ಎಂದು ಕಬ್ಬಿಣಕ್ಕೆ ಕಬ್ಬಿಣ ತಾಗುವ ಸದ್ದು ಕೇಳಿಸಿತು.

ಮುಜಫರ್ ಸ್ವಿಚ್ಚಿನ ಕಡೆ ಕೈ ತೋರಿಸಿದ. ಸಾಗರ್ ಓಡಿಹೋಗಿ ಸ್ವಿಚ್ಚು ಕೆಳಗೆಳೆದ. ಡ್ರಮ್ಮಿನ ಬಾಯಿಂದ ಸ್ಪ್ಯಾನರ್ ಹಿಡಿದ ಯತೀಶ ಬೆವರೊರೆಸಿಕೊಳ್ಳುತ್ತ ಇಳಿದ. ಎಲ್ಲರೂ ತನ್ನನ್ನೇ ನೋಡುತ್ತಿರುವುದೇಕೆಂದು ಅವನಿಗೆ ತಿಳಿಯಲಿಲ್ಲ.

"ಒಂದು ಬೋಲ್ಟು ಸಡ್ಲ ಇದ್ದಂಗಿತ್ತು ಸಾರ್. ಆರ್ತಿ ಬರೋದ್ರೊಳಗೆ ಬಿಗಿ ಮಾಡ್ಬುಡವಾ ಅಂತ..."

"ಬೀಗ ಯಾಕಪ್ಪ ಹಾಕ್ಲಿಲ್ಲ?" ಎಂದ ಮುಜಫರ್.

"ಎಂಗಾಕ್ಲಿ ಸಾರ್? ಪೂಜೆ ಮಾಡಿದ್ ಆರ ಕಿತ್ತು ಬೀಗ ಆಕುದ್ರೆ ಅಪಸಕುನ ಅಲ್ವಾ?"

ಯಾರೂ ಬಯ್ಯಲಿಲ್ಲ. ಬಯ್ಯಲು ಬಾಯಿಯಾದರೂ ಯಾರಿಗಿತ್ತು? ಆ ಹಾರ ಕೀಳಲು ಅಲ್ಲಿದ್ದ ಯಾರ ಕೈಯೂ ಮುಂದಾಗುತ್ತಿರಲಿಲ್ಲ. ಅದನ್ನು ಚೆನ್ನಾಗಿದೆ ಎಂದವನು ಮುಜಫರ್. ಬೀಗವಿಲ್ಲದ್ದನ್ನು ನೋಡಿ ಒಳಗೆ ಯಾರೂ ಇಲ್ಲ ಎಂದುಕೊಂಡವನೂ ಅವನೇ, ಇಣುಕಿ ನೋಡುವ ಗೋಜಿಗೆ ಹೋಗಿರಲಿಲ್ಲ. ಅವನು ಸುಮ್ಮನೆ ಕುರ್ಚಿಯಲ್ಲಿ ಕುಳಿತುಬಿಟ್ಟ.

ಪುಟ್ಟತಾಯಮ್ಮ ಯತೀಶನ ಮುಂದೆ ತಟ್ಟೆ ಹಿಡಿದರು. ಅವನು ಕಣ್ಣಿಗೊತ್ತಿಕೊಂಡ. ಹನ್ನೆರಡು ದಾಟಿತ್ತು.

"ಹೋಯ್ತು, ರಾಹುಕಾಲ ಬಂದ್ಬುಡ್ತು" ಎಂದ ನಂಜುಂಡಸ್ವಾಮಿ. ಅವನ ಮುಖವೂ ಬಿಳಿಚಿಕೊಂಡಿತ್ತು.

"ಬಂದ್ರೆ ಬರ್ಲಿ ಬುಡು" ಎಂದರು ಪುಟ್ಟತಾಯಮ್ಮ. "ಒಳಗಿದ್ ಜೀವ ಆಚೆಗೆ ಬಂತಲ್ಲ, ಇದ್ಕಿಂತ ಒಳ್ಳೆ ಗಳಿಗೆ ಯಾವುದ್ಲಾ?" ಅವರೇ ಹೋಗಿ ಬೋರ್ಡಿನ ಹಾರಗಳನ್ನು ಒಂದೊಂದಾಗಿ ತೆಗೆದು ಕಿಟಕಿಯ ಸರಳಿಗೆ ಹಾಕಿದರು.

ಮುಜಫರ್ ಎದ್ದು ಸ್ವಿಚ್ಚಿಗೆ ತನ್ನ ಬೀಗ ಜಡಿದು, ಟಾರ್ಚು ಹಿಡಿದು ಡ್ರಮ್ಮಿನೊಳಗೆ ತಾನೇ ಹೊಕ್ಕು ಬಂದ. ಬೆಲ್ಟುಗಳ ಕೆಳಗೆ ಬಗ್ಗಿ ನೋಡಿದ, ಒಣಗಿಸುವ ಕೋಣೆಗೂ ಹೋಗಿ ಬಂದ. ಕೆಲಸಗಾರರನ್ನೆಲ್ಲ ಕಣ್ಣೆದುರು ನಿಲ್ಲಿಸಿಕೊಂಡು, ಹೆಸರು ಹಿಡಿದು ಕರೆದು, ಆಮೇಲೆ ಬೀಗ ತೆಗೆದು, ಸಾಗರನಿಂದ ಸ್ವಿಚ್ಚು ಎತ್ತಿಸಿ, ಗುಂಡಿ ಒತ್ತಿದ. ಡ್ರಮ್ಮು ಒಮ್ಮೆ ಮುಲುಗಿ ತಿರುಗತೊಡಗಿತು. ಮಣ್ಣು ಮೆತ್ತಿದ ಶುಂಠಿ ಆ ಕಡೆ ಬಿದ್ದು, ಈ ಕಡೆ ಹೊಂಬಣ್ಣವಾಗಿ ಬೆಲ್ಟಿಗಿಳಿಯಿತು. ರೈತರು ಮುಗಿಬಿದ್ದು ನೋಡಿದರು. ಮುಜಫರನಿಗೆ ಅದು ಕಾಣಲೇ ಇಲ್ಲ. ಯತೀಶ ಅವರ ನಡುವೆ ನಿಂತು ನಗುತ್ತಿದ್ದ, ಮುಜಫರನ ಕಣ್ಣು ಅವನ ಮೇಲೇ ನೆಟ್ಟಿತ್ತು.

ಊಟದ ಹೊತ್ತಿಗೆ ಪುಟ್ಟತಾಯಮ್ಮ ಪಾಯಸದ ಬಕೆಟ್ಟು ಹಿಡಿದು ಪಂಕ್ತಿಯಲ್ಲಿ ಬಂದರು. ಮುಜಫರ್ ಎಲೆಯ ಮುಂದೆ ತಲೆ ತಗ್ಗಿಸಿ ಕುಳಿತಿದ್ದ. ತುತ್ತು ಇಳಿಯುತ್ತಿರಲಿಲ್ಲ.

"ಯಾಕ್ ಸಾಹೇಬ್ರೇ, ಉಣ್ಣಿ."

"ಅಮ್ಮ, ಇವತ್ತು ನೀವು ನನ್ನ ಉಳಿಸಿಬಿಟ್ರಿ" ಎಂದ. ಕಣ್ಣು ತುಂಬಿಕೊಂಡಿತ್ತು.

"ನಿಮ್ಮನ್ನೆಲ್ಲುಳಿಸ್ದೆ? ಒಳಗಿದ್ದೋನು ಯತೀಸ ಅಲ್ವಾ?"

"ಗುಂಡಿ ಮೇಲೆ ಬೆರಳಿಟ್ಟಿದ್ದೋನು ನಾನಲ್ವಾಮ್ಮ?"

ಪುಟ್ಟತಾಯಮ್ಮ ಬಕೆಟ್ಟು ಕೆಳಗಿಟ್ಟು, ಅವನ ಎದುರಿಗೇ ನೆಲದ ಮೇಲೆ ಕೂತರು. ಅವನು ಮೊದಲ ತುತ್ತು ನುಂಗುವ ತನಕ ಮೇಲೇಳಲಿಲ್ಲ.