ಕರಗಿದ ಸಾಲು

ಸರ್ಕಾರಿ ಕಣ್ಣಾಸ್ಪತ್ರೆಯ ಆಡಳಿತಾಧಿಕಾರಿಗೆ ಐವತ್ತಾರನೆಯ ವಯಸ್ಸಿನಲ್ಲಿ ಮತ್ತೆ ವಿದ್ಯಾರ್ಥಿನಿಯಾಗುವ ಹುಚ್ಚು ಹಿಡಿದಿತ್ತು. ಸಾರ್ವಜನಿಕ ನೀತಿಯನ್ನು ಓದುತ್ತಿರುವ ಹುಡುಗ ಹುಡುಗಿಯರೂ, ಅದನ್ನು ಅರೆದು ಕುಡಿದಿದ್ದೇವೆಂದು ನಂಬಿದ ಅಧಿಕಾರಿಗಳೂ ಒಟ್ಟಿಗೆ ಕಲಿಯುವ ಆನ್‌ಲೈನ್ ತಾಣವೊಂದಕ್ಕೆ ಆಕೆ ಸೇರಿದ್ದರು. ಪ್ರತಿ ಮಂಗಳವಾರ ಸಂಜೆ ಏಳಕ್ಕೆ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದರೆ ಸಾಕು, ಗಂಡ ತಟ್ಟೆಗಳನ್ನು ಬದಿಗೆ ಸರಿಸುತ್ತ, "ಸ್ಕೂಲ್ ಶುರುವಾಯ್ತಾ? ಹೋಮ್‌ವರ್ಕ್ ಮಾಡಿದೀಯಾ?" ಎಂದು ಕಾಲೆಳೆಯುತ್ತಿದ್ದರು. ಅವರು ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ಹೋಮ್‌ವರ್ಕ್ ಎಂಬ ಮಾತು ಮಾತ್ರ ಅವರ ಬಾಯಿಂದ ಇನ್ನೂ ನಿವೃತ್ತವಾಗಿರಲಿಲ್ಲ.

ಆ ತಾಣದಲ್ಲೊಂದು ಪದ್ಧತಿಯಿತ್ತು. ಕೆಲಸದಲ್ಲಿರುವವರು ಸೇರುವಾಗ ತಾವು ಮಾಡಿದ ಒಂದು ಕೆಲಸದ ಕಥೆ ಬರೆದುಕೊಡಬೇಕು. ತಾಣದವರು ಅದರಿಂದ ಹೆಸರು, ಊರು, ಇಸವಿ ಎಲ್ಲ ಕಿತ್ತು ಯಾವುದಾದರೊಂದು ಗುಂಪಿಗೆ ಹಂಚುತ್ತಾರೆ. ಗುಂಪಿನವರು ಆನ್‌ಲೈನ್ ಕರೆಯಲ್ಲಿ ಮಾತಾಡುತ್ತ, ಒಂದೇ ಕಡತದಲ್ಲಿ ಎಲ್ಲರೂ ಬರೆಯುತ್ತ, ತಿದ್ದುತ್ತ ಅದನ್ನು ಬಿಡಿಸಿ ನೋಡಬೇಕು. ಹೆಚ್ಚಿನವರು ತಾವು ಎಡವಿದ ಕಥೆಯನ್ನೇ ಕೊಡುತ್ತಿದ್ದರು. ನಮ್ಮ ಆಡಳಿತಾಧಿಕಾರಿ ಗೆದ್ದ ಕಥೆ ಕೊಟ್ಟಿದ್ದರು.

ಆರು ವರ್ಷದ ಹಿಂದೆ ಅವರ ಆಸ್ಪತ್ರೆಯ ಸಾಲು ಗೇಟು ದಾಟಿ ರಸ್ತೆಗೆ ಬರುತ್ತಿತ್ತು. ನೂಕುನುಗ್ಗಲು, ಕೂಗಾಟ, ದಿನಕ್ಕೊಂದು ಜಗಳ. ಆಗ ಈಕೆ ಒಂದು ನಿಯಮ ತಂದರು: ದಿನದ ಚೀಟಿಗಳನ್ನೆಲ್ಲ ಬೆಳಿಗ್ಗೆ ಆರರಿಂದ ಏಳರೊಳಗೆ ಕೊಡುವುದು, ಆಮೇಲೆ ಬಂದವರು ನಾಳೆ ಬರುವುದು. ಆರು ತಿಂಗಳಲ್ಲಿ ಸಾಲು ಕಾಲು ಭಾಗಕ್ಕೆ ಇಳಿಯಿತು. ಮೇಲಿನವರು ಪ್ರಶಸ್ತಿ ಪತ್ರ ಕೊಟ್ಟರು. ಅಷ್ಟು ವರ್ಷದ ನೌಕರಿಯಲ್ಲಿ, ಇದು ನಾನೇ ಮಾಡಿದ್ದು ಎಂದು ಬೆನ್ನು ತಟ್ಟಿಕೊಳ್ಳಲು ಅವರಿಗಿದ್ದದ್ದು ಅದೊಂದೇ.

ಆ ಮಂಗಳವಾರ ಗುಂಪಿಗೆ ಬಂದ ಕಥೆ ತೆರೆದರೆ, ತಮ್ಮದೇ! ಬರೆದವರ ಗುಂಪಿಗೇ ಬರದ ಹಾಗೆ ನೋಡಿಕೊಳ್ಳಬೇಕಾದ ತಾಣದವರು ಎಲ್ಲೋ ಎಡವಿದ್ದರು. ಹೇಳಿಬಿಡಬೇಕಿತ್ತು. ಆದರೆ ಹೊಗಳಿಕೆಯನ್ನು ಮರೆಯಲ್ಲಿ ನಿಂತು ಕೇಳುವ ಆಸೆ ಯಾರನ್ನು ಬಿಟ್ಟಿದೆ? ಆಕೆ ಕನ್ನಡಕ ಒರೆಸಿಕೊಂಡು ಸುಮ್ಮನೆ ಕೂತರು.

ಮೊದಲು ಬರೆದವಳು ಎಂ.ಎ. ಓದುತ್ತಿದ್ದ ಹುಡುಗಿ. ಗುಂಪಿನಲ್ಲಿ ಅವಳಿಗೆ ಪಟಾಕಿ ಎಂದೇ ಹೆಸರು.

"ಸಾಲು ಕರಗಿತು, ಸರಿ. ಸಾಲಿನಲ್ಲಿದ್ದವರು ಎಲ್ಲಿಗೆ ಹೋದರು? ಅವರ ಕಣ್ಣೇನು ತಾನಾಗಿ ವಾಸಿಯಾಯಿತೆ? ರಸ್ತೆ ಗುಡಿಸುವವರು, ಹಾಲು ಹಾಕುವವರು, ಮನೆಗೆಲಸದವರು ಬೆಳಿಗ್ಗೆ ಆರಕ್ಕೆ ಎಲ್ಲಿರುತ್ತಾರೆಂದು ಈ ಅಧಿಕಾರಿ ಒಬ್ಬರನ್ನಾದರೂ ಕೇಳಿದ್ದುಂಟೆ? ಒಂದೋ ಸೋಮಾರಿ, ಇಲ್ಲವೇ ಕಲ್ಲೆದೆಯವರು."

ಓದಿದ ಆಡಳಿತಾಧಿಕಾರಿಯ ಕಿವಿ ಬಿಸಿಯಾಯಿತು. ಯೋಚಿಸುವ ಮೊದಲೇ ಬೆರಳು ಕೊನೆಯ ವಾಕ್ಯವನ್ನು ಅಳಿಸಿತ್ತು. ಕಚೇರಿಯಲ್ಲಾದರೆ ಹಾಳೆ ಬದಲಿಸಿದರೆ ಮುಗಿಯುತ್ತಿತ್ತು. ಇಲ್ಲಿ ಅಳಿಸಿದ ಸಾಲಿನ ಮೇಲೆ ಕೆಂಪು ಗೆರೆ, ಪಕ್ಕದಲ್ಲಿ ಅಳಿಸಿದವರ ಹೆಸರು, ಎಲ್ಲರಿಗೂ ಕಾಣುವಂತೆ.

"ಮೇಡಂ, ಅದನ್ಯಾಕೆ ತೆಗೆದ್ರಿ?" ಪಟಾಕಿಯ ದನಿ ಕೇಳಿತು.

ಆಕೆ ಮೈಕು ಮುಚ್ಚಿ ಗಂಡನತ್ತ ತಿರುಗಿದರು. ಎರಡೇ ಮಾತಿನಲ್ಲಿ ವಿಷಯ ಹೇಳಿದರು. ಮೇಷ್ಟ್ರು ತಟ್ಟೆ ಒರೆಸುವುದನ್ನು ನಿಲ್ಲಿಸಿದರು.

"ಹೇಳಿದ್ರೆ ಹೇಳು, ಬಿಟ್ರೆ ಬಿಡು. ತಲೆನೋವು ಅಂತ ಮಾತ್ರ ಹೇಳ್ಬೇಡ. ಮೂವತ್ತು ವರ್ಷ ಕ್ಲಾಸಲ್ಲಿ ಕೇಳಿದೀನಿ, ಯಾರೂ ನಂಬಲ್ಲ."

ಆಕೆಗೆ ನಗು ಬರಲಿಲ್ಲ. ಮೈಕು ತೆರೆದರು.

"ಯಾಕಂದ್ರೆ ಆ ಅಧಿಕಾರಿ ನಾನೇ. ಸೋಮಾರಿ ಅಲ್ಲಮ್ಮ ನಾನು. ದಿನಾ ಆರಕ್ಕೆ ಗೇಟಲ್ಲಿ ನಿಂತು ಸಾಲು ಎಣಿಸ್ತಿದ್ದೆ. ಬಂದವರನ್ನ ಎಣಿಸಿದೆ. ಬರದೇ ಹೋದವರನ್ನ ಎಣಿಸ್ಬೇಕು ಅಂತ ಹೊಳೀಲೇ ಇಲ್ಲ."

ಪಟಾಕಿ, "ಸಾರಿ ಮೇಡಂ, ಬಾಯಿ ಜೋರಾಯ್ತು," ಎಂದಳು. ಆಮೇಲೆ ಮೆಲ್ಲಗೆ ಕೇಳಿದಳು. "ಆದ್ರೆ ಮೇಡಂ, ಆ ನಿಯಮ ಈಗ ಇಲ್ಲ ತಾನೆ?"

ಬೈಗುಳವನ್ನಾದರೂ ತಡೆದುಕೊಳ್ಳಬಹುದಿತ್ತು.

"ಇದೆ," ಎಂದರು ಆಕೆ. "ನಾಳೆ ಬೆಳಿಗ್ಗೆನೂ ಇದೆ."

ಮರುದಿನ ಹಳೆಯ ನೋಂದಣಿ ಪುಸ್ತಕಗಳನ್ನು ಹೊತ್ತು ನಿರ್ದೇಶಕರ ಕೋಣೆಗೆ ಹೋದರು. ನಿಯಮಕ್ಕೆ ಮೊದಲು ತಪ್ಪದೆ ಬರುತ್ತಿದ್ದು, ಆಮೇಲೆ ಒಮ್ಮೆಯೂ ಬರದವರ ಹೆಸರುಗಳಿಗೆ ಪೆನ್ಸಿಲಿನಲ್ಲಿ ಗುರುತು ಹಾಕಿದ್ದರು. ಪುಟದ ತುಂಬ ಗುರುತುಗಳು. ನಿರ್ದೇಶಕರು ಹುಬ್ಬೇರಿಸಿದರು.

"ಆ ಗಲಾಟೆ ಮತ್ತೆ ಬೇಕಾ? ಪ್ರಶಸ್ತಿ ತಂದ ನಿಯಮಾನ ನೀವೇ ತೆಗೀತೀರಾ?"

"ತೆಗೀತೀನಿ ಸಾರ್."

ಅರ್ಧ ಗಂಟೆ ಗೊಣಗಿ, ಬೆಳಿಗ್ಗೆಯ ಜೊತೆಗೆ ಸಂಜೆ ನಾಲ್ಕರಿಂದ ಏಳರವರೆಗೂ ಡಾಕ್ಟರನ್ನು ಕೂರಿಸಿ, ಒಂದು ತಿಂಗಳ ಮಟ್ಟಿಗೆ ಚೀಟಿ ಕೊಟ್ಟು ನೋಡಲು ನಿರ್ದೇಶಕರು ಸಹಿ ಹಾಕಿದರು. ಸಂಜೆಯ ಚೀಟಿ ಶುರುವಾದ ದಿನ ಆಡಳಿತಾಧಿಕಾರಿ ಹಳೇ ಅಭ್ಯಾಸದಂತೆ ಗೇಟಿನ ಬಳಿ ನಿಂತರು. ಸಾಲು ಬೆಳೆಯುತ್ತ ಮೆಟ್ಟಿಲು ಇಳಿಯಿತು. ಅದನ್ನು ಕಂಡು ಇಷ್ಟು ಸಂತೋಷವಾಗುತ್ತದೆಂದು ಅವರು ಎಣಿಸಿರಲಿಲ್ಲ.

ಆರರ ಹೊತ್ತಿಗೆ ಒಬ್ಬ ಹೆಂಗಸು ಗೋಡೆಗೆ ಕೈಯಾನಿಸಿಕೊಂಡು ಹೊರಬಂದಳು. ರಸ್ತೆ ಗುಡಿಸುವವರ ಸಮವಸ್ತ್ರ ಇನ್ನೂ ಮೈಮೇಲಿತ್ತು. ಕೈಯಲ್ಲಿ ಔಷಧಿಯ ಪುಟ್ಟ ಬಾಟಲಿ.

"ಡಾಕ್ಟ್ರು ಏನಂದ್ರಮ್ಮ?"

"ಎಡಗಣ್ಣು ಹೋಯ್ತಂತೆ ಅಕ್ಕ. ಬಲಗಣ್ಣು ಉಳಿಯುತ್ತಂತೆ!" ಅವಳ ಮುಖ ಅರಳಿತ್ತು. "ಆರು ವರ್ಷದ ಹಿಂದೆ ಒಂದ್ಸಲ ಬಂದಿದ್ದೆ. ಕೆಲಸ ಮುಗಿಸಿ ಬರೋಷ್ಟ್ರಲ್ಲಿ ಏಳೂವರೆ. ನಾಳೆ ಬಾ ಅಂದ್ರು. ನಾಳೆನೂ ಏಳೂವರೆನೇ ಅಲ್ವಾ? ಈಗ ಸಂಜೆ ಚೀಟಿ ಇಟ್ಟಿದಾರಲ್ಲ, ಅವರ ಹೊಟ್ಟೆ ತಣ್ಣಗಿರಲಿ."

ಆ ಹಾರೈಕೆಯನ್ನು ಸುಮ್ಮನೆ ಮಡಿಲಿಗೆ ಹಾಕಿಕೊಂಡು ಹೋಗಿಬಿಡಬಹುದಿತ್ತು. ಆಡಳಿತಾಧಿಕಾರಿ ಅವಳ ಹತ್ತಿರ ಸರಿದರು.

"ಸಂಜೆ ಇಟ್ಟವಳು ನಾನೇ. ಅವತ್ತು ಬೆಳಿಗ್ಗೆಗೆ ಮಾತ್ರ ಅಂತ ಮಾಡಿದವಳೂ ನಾನೇ ಕಣಮ್ಮ. ತಪ್ಪಾಯ್ತು."

ಹೆಂಗಸು ಬಲಗಣ್ಣನ್ನು ಕಿರಿದು ಮಾಡಿ ಅವರನ್ನು ನೋಡಿದಳು. ಬಯ್ಯಲಿಲ್ಲ.

"ನನ್ನ ಓರಗಿತ್ತಿನೂ ಅವತ್ತು ಜೊತೆಗೆ ಬಂದಿದ್ಲು," ಎಂದಳು. "ಅವಳಿಗೀಗ ಎರಡೂ ಕಾಣಲ್ಲ. ನಾಳೆ ಕೈ ಹಿಡ್ಕೊಂಡು ಕರ್ಕೊಂಡು ಬರ್ತೀನಿ. ಈ ಮಾತನ್ನ ಅವಳಿಗೂ ನೀವೇ ಹೇಳಿ."

"ಕರ್ಕೊಂಡು ಬಾಮ್ಮ," ಎಂದರು ಆಡಳಿತಾಧಿಕಾರಿ. "ಇಲ್ಲೇ ನಿಂತಿರ್ತೀನಿ."