ಬಿದ್ದಲ್ಲಿ ಹೆಸರು

"ಡ್ರಮ್ಮಿನ ಏಟಿಗೆ ಸರಿಯಾಗಿ ಬೀಳ್ತಿಲ್ಲ. ಇನ್ನೊಂದ್ಸಲ ನೋಡೋಣ," ಎಂದ ಎಡಿಟರ್, ಬಿಸ್ಕತ್ತು ಅಗಿಯುತ್ತ.

ಪರದೆಯ ಮೇಲೆ ಗಾಜಿನಯ್ಯನ ಮಗ ಕೆಳಗಿನಿಂದ ಹಿಮ್ಮುಖವಾಗಿ ಮೇಲಕ್ಕೇರಿ ಐದನೆಯ ಅಂತಸ್ತಿನ ಅಂಚಿನಲ್ಲಿ ನಿಂತ, ಮತ್ತೆ ಬಿದ್ದ. ನಾಯಕನ ಬದಲಿಗೆ ಹಾರಿ, ಸೊಂಟದ ಹಗ್ಗ ಹರಿದು ಸತ್ತನಲ್ಲ, ಅದೇ ದೃಶ್ಯ. ನೆಲ ಇನ್ನೊಂದು ಮಾರು ದೂರವಿರುವಾಗ ಢಮ್ಮೆಂದು ಚಿತ್ರ ನಿಂತಿತು. ಪಕ್ಕದಲ್ಲಿ ಹೆಸರಿಗೆಂದು ಜಾಗ ಖಾಲಿ ಬಿಟ್ಟಿದ್ದರು.

ಗಾಜಿನಯ್ಯ ಮಗನ ಹೆಸರನ್ನು ಗಾಜಿನ ಹಲಗೆಯ ಮೇಲೆ ಬರೆದು ತಂದಿದ್ದ. ಸಿನಿಮಾ ಶುರುವಿನ ಹೆಸರುಗಳನ್ನು ನಲವತ್ತು ವರ್ಷ ಗಾಜಿನ ಮೇಲೆ ಕುಂಚದಲ್ಲಿ ಬರೆದವನು. ದೇವರನ್ನು ನೆನೆಯದೆ ಬಣ್ಣ ಮುಟ್ಟಿದವನಲ್ಲ. ಸಾಹಸದವರ ಹೆಸರುಗಳನ್ನು ಒಟ್ಟಿಗೆ ತುರುಕಿ, ಓದುವಷ್ಟರಲ್ಲಿ ತೆಗೆದುಬಿಡುತ್ತಿದ್ದರು. "ಅಪ್ಪಾ, ನನ್ನ ಹೆಸರು ಒಂಟಿಯಾಗಿ ಬರಿಯೋದು ಯಾವಾಗ?" ಎಂದು ಮಗ ರೇಗಿಸುತ್ತಿದ್ದ. "ಮೊದಲ ಹೆಸರಿನ ಕಾರ್ಡು ಅವನದೇ ಅಯ್ಯಾ, ನಿಮ್ಮ ಕೈಬರಹದಲ್ಲೇ ಇರ್ಲಿ," ಎಂದು, ಮಗ ಸತ್ತ ಮೇಲೆ, ನಿರ್ದೇಶಕ ಮನೆಗೇ ಬಂದು ಕೇಳಿದಾಗ ಗಾಜಿನಯ್ಯ ಅತ್ತಿದ್ದ.

"ಇದರ ಮೇಲಾ ಹೆಸರು ಹಾಕೋದು?" ಎಂದ ಗಾಜಿನಯ್ಯ, ಪರದೆ ತೋರಿಸಿ.

"ಹೌದಯ್ಯಾ. ಶುರುವಿನಲ್ಲೇ ಜನ ಉಸಿರು ಬಿಗಿ ಹಿಡೀಬೇಕು. ಅವನಿಗೆ ಇದಕ್ಕಿಂತ ಗೌರವ ಇನ್ನೇನಿದೆ?" ಎಂದ ನಿರ್ದೇಶಕ.

"ನಿಜವಾಗ್ಲೂ ಬಿದ್ದಿದ್ದು ಅಂತ ಗೊತ್ತಾದ್ರೆ ಜನ ಮುಗಿಬೀಳ್ತಾರೆ," ಎಂದು ಎಡಿಟರ್ ತನ್ನ ಮಾತಿಗೆ ತಾನೇ ಕಿಸಕ್ಕೆಂದ. ಬಿಸ್ಕತ್ತಿನ ಪುಡಿ ಮೇಜಿನ ಮೇಲೆ ಉದುರಿತು.

ಗಾಜಿನಯ್ಯ ಆ ಪುಡಿಯನ್ನು ನೋಡಿದ.

"ಹದ್ದೂ ಹೆಣಾನ ಒಂದೇ ಸಲ ತಿನ್ನತ್ತೆ. ನೀವು ದಿನಕ್ಕೆ ನಾಲ್ಕು ಆಟ ತಿಂತೀರೇನ್ರಪ್ಪಾ?"

ಎಡಿಟರ್ ಬಿಸ್ಕತ್ತು ಕೆಳಗಿಟ್ಟ.

"ಒಂದ್ಸಲ ಹಿಂದಕ್ಕೆ ಓಡ್ಸು," ಎಂದು ಗಾಜಿನಯ್ಯ ಅವನಿಗೆ ಹೇಳಿದ.

ಮಗ ಮತ್ತೆ ಮೇಲಕ್ಕೇರಿದ. ಅಂಚಿನಲ್ಲಿ ಕಾಲೂರಿದ.

"ಸಾಕು. ಅಲ್ಲೇ ನಿಲ್ಸು."

ಕರವಸ್ತ್ರವನ್ನು ಕುಡಿಯುವ ನೀರಿನಲ್ಲಿ ಅದ್ದಿ, ಗಾಜಿನ ಮೇಲಿನ ಹೆಸರನ್ನು ಕೊನೆಯ ಅಕ್ಷರದಿಂದ ಒರೆಸತೊಡಗಿದ. ಬಿಳಿ ಬಣ್ಣ ಮಣಿಕಟ್ಟಿಗಿಳಿಯಿತು.

"ಅಯ್ಯಾ! ನೀವು ಅಳಿಸಿದ್ರೆ ಕಂಪ್ಯೂಟರಲ್ಲಿ ಹಾಕ್ತೀವಿ, ಅಷ್ಟೇ," ಎಂದ ನಿರ್ದೇಶಕ.

"ಹಾಕ್ಕೊಳ್ಳಿ. ನನ್ನ ಕೈಯಲ್ಲಿ ಬೇಡ."

ಮೊದಲ ಅಕ್ಷರವೂ ಹೋಯಿತು. ಒರೆಸಿದ ಗಾಜಿನಲ್ಲಿ ಪರದೆಯ ಬೆಳಕು ಬಿದ್ದಿತ್ತು. ಅದರೊಳಗೆ ಮಗ, ಒಂದು ಕೈ ಕಾಲರಿನ ಮೇಲಿಟ್ಟು, ಅಂಚಿನಲ್ಲಿ ನಿಂತೇ ಇದ್ದ.