ಮೂರನೆಯ ಗುಂಡಿ

ಕಂಪನಿ ವಕೀಲನ ಕರಿ ಕೋಟಿನ ತೋಳಂಚು ಬಿಚ್ಚಿಕೊಂಡಿದೆ, ಎರಡು ಬೆರಳಗಲ, ಒಳಗಿನ ಅಸ್ತರು ಇಣುಕುತ್ತಿದೆ, ಕೈ ಎತ್ತಿದಾಗಲೆಲ್ಲ ಕಾಣುತ್ತದೆ, ಕೈ ಎತ್ತದೆ ಮಾತಾಡುವ ಆಸಾಮಿಯೇ ಅಲ್ಲ ಅವನು, ಬೇರೆ ದಿನವಾಗಿದ್ದರೆ ಇವಳೇ ಎದ್ದುಹೋಗಿ ಬಿಚ್ಚಿಕೊಡಿ ಸಾರ್ ಐದು ನಿಮಿಷ ಅನ್ನುತ್ತಿದ್ದಳು, ಇಪ್ಪತ್ತೆರಡು ವರ್ಷ ಹೊಲಿದ ಕೈ, ಹರಿದದ್ದು ಕಂಡರೆ ತುರಿಸುತ್ತದೆ, ಇವತ್ತು ತುರಿಸುತ್ತಿರುವುದು ಬೇರೆ ಕಾರಣಕ್ಕೆ — ನಮ್ಮ ವೆಬ್‌ಸೈಟು ಬರೀ ಗೋಡೆ ಸ್ವಾಮಿ, ಯಾರೋ ಬಂದು ಚೀಟಿ ಅಂಟಿಸಿದ್ರೆ ಗೋಡೆ ಏನ್ ಮಾಡುತ್ತೆ, ಅನ್ನುತ್ತಿದ್ದಾನೆ ನ್ಯಾಯಾಧೀಶರಿಗೆ. ಗೋಡೆಯಂತೆ. ಇವಳ ಅಂಗಡಿಗೂ ಗೋಡೆಯಿದೆ, ಅದು ಒಂದು ದಿನವೂ ಇವಳಿಗೆ ಕಾಗದ ಬರೆದಿಲ್ಲ, ಇವನ ಗೋಡೆ ಬರೆಯಿತು, ನಿಮ್ಮ ಕಾಳಜಿಗೆ ಧನ್ಯವಾದ, ನಿಮ್ಮ ದೂರನ್ನು ಜಾಹೀರಾತು ಕೊಟ್ಟವರಿಗೆ ಕಳಿಸಿದ್ದೇವೆ, ಅಂತ. ಕೊಟ್ಟವರಿಗೆ — ಕದ್ದವನಿಗೇ.

ಕಡ್ಡಿ, ಅಕ್ಕನ ಮಗಳು, ಆ ಮೈಗೆ ಇನ್ನೇನು ಹೆಸರಿಡೋದು, ಅಕ್ಕ ಹೋದಮೇಲೆ ಮಷಿನ್ನಿನ ಪಕ್ಕದಲ್ಲೇ ಬೆಳೆದವಳು, ಹದಿನಾಲ್ಕು, ಚಿಕ್ಕಮ್ಮಾ, ಯಾರೋ ಬಟ್ಟೆ ಶೋರೂಮಲ್ಲಿ ಕೆಲಸ ಕೊಡಿಸ್ತಾರಂತೆ, ರಜೆ ಮುಗಿಯೋತನಕ ಅಷ್ಟೇ ಕಣೆ, ಬೇಡ ಅಂದಳು ಇವಳು, ಸಂಜೆ ನೋಡಿದರೆ ಗೂಟದಲ್ಲಿ ಅವಳ ಚೀಲವಿಲ್ಲ. ಪೊಲೀಸರು ಬರೆದುಕೊಂಡರು, ಬರೆದುಕೊಂಡೇ ಇದ್ದರು, ಹತ್ತೊಂಬತ್ತನೇ ದಿನ ಇಸ್ತ್ರಿಯವನು ನೆಲ ನೋಡುತ್ತಾ ಫೋನು ಚಾಚಿದ, ಅಕ್ಕಾ, ನಾನು ಇಂಥದ್ದೆಲ್ಲ ನೋಡೋನಲ್ಲ, ಯಾರೋ ಕಳ್ಸಿದ್ರು — ಇರಲಿ, ತೋರಿಸಿದನಲ್ಲ. ಇವರದೇ ವೆಬ್‌ಸೈಟು, ಮಾರಾಟಕ್ಕೆ ಹಳೇ ಸೋಫಾ, ಹಳೇ ಸೈಕಲ್ಲು, ಅದರ ಪಕ್ಕದ ಪುಟದಲ್ಲಿ ಮಗು. ಮುಖ ಮಸುಕು ಮಾಡಿದ್ದರು, ಅಂಗಿ ಮಾಡಿರಲಿಲ್ಲ, ಮೂರನೆಯ ಗುಂಡಿ ನೀಲಿ, ಬಿಳಿಯದು ಮುಗಿದಿತ್ತು, ಇರಲಿ ಬಿಡು ಚಿಕ್ಕಮ್ಮ ಇದೇ ಚೆನ್ನಾಗಿದೆ, ಅಂತ ತಾನೇ ಕೂತು ಹೊಲಿದುಕೊಂಡು ದಾರವನ್ನು ಹಲ್ಲಲ್ಲಿ ಕಡಿದಳು, ಎಷ್ಟು ಸಲ ಬೈದಿಲ್ಲ, ಕತ್ತರಿ ಏನು ಪೂಜೆಗಾ ಇಟ್ಟಿರೋದು, ಇಲಿ ಜಾತಿ ನಿಂದು.

ಹೊಲಿಗೆ ಕೆಟ್ಟರೆ ಗಿರಾಕಿ ಮೊದಲು ಅಂಗಡಿಗೇ ಬಂದು ಹೇಳಬೇಕು, ಊರೆಲ್ಲ ಸಾರಬಾರದು, ಇಪ್ಪತ್ತೆರಡು ವರ್ಷದ ಅದೇ ಬುದ್ಧಿ ಅವತ್ತೂ ಓಡಿತು, ಸ್ಟೇಷನ್ನಿಗೆ ಓಡುವ ಬದಲು ಅವರ ಪುಟದಲ್ಲೇ ದೂರು ಬರೆದಳು, ಹೆಸರು, ನಂಬರು, ಅಂಗಡಿ, ಇದು ನಮ್ಮ ಹುಡುಗಿ, ಹದಿನಾಲ್ಕು ವರ್ಷ, ನೀಲಿ ಗುಂಡಿ ನೋಡಿ. ನೋಡಿದರು. ಮಾರನೇ ಬೆಳಿಗ್ಗೆ ಅದೇ ಫೋಟೊ, ಗುಂಡಿಯ ಮೇಲಕ್ಕೆ ಕತ್ತರಿಸಿದ್ದು, ವಯಸ್ಸು ಇಪ್ಪತ್ತು. ರಾತ್ರಿ ಬೆಳಗಾಗುವುದರೊಳಗೆ ಆರು ವರ್ಷ ಬೆಳೆಸಿದ ಗೋಡೆ. ಪೊಲೀಸರು ಆ ಫೋಟೊ ತೆಗೆದ ಕೋಣೆ ಹುಡುಕಿ ಹೋದಾಗ ಖಾಲಿ, ಮಂಚದಡಿ ಒಂದು ಗುಂಡಿ.

ತಿದ್ದಿಕೊಳ್ಳಲು ಅವಕಾಶ ಕೊಡೋದು ನಮ್ಮ ನಿಯಮ ಸ್ವಾಮಿ, ಅನ್ನುತ್ತಿದ್ದಾನೆ ಕೋಟಿನವನು, ಜಾಹೀರಾತು ಕೊಟ್ಟವರ ನಂಬರು ಹೊರಗೆ ಕೊಡೋದು ವಿಶ್ವಾಸದ್ರೋಹ. ಇವಳ ನಂಬರು ಕೊಡುವಾಗ ಎಲ್ಲಿತ್ತು ಆ ವಿಶ್ವಾಸ, ಸೂಜಿಯಿದ್ದಿದ್ದರೆ ಆ ಬಾಯಿ ಹೊಲಿಯುತ್ತಿದ್ದಳು, ಒತ್ತೊತ್ತಾಗಿ. ಜಾಹೀರಾತು ಕೊಟ್ಟವನ ನಂಬರು ಇವತ್ತು ಸಿಕ್ಕರೆ ಕಡ್ಡಿ ಎಲ್ಲಿದ್ದಾಳೆಂದು ಗೊತ್ತಾದೀತು, ಸಿಗದಿದ್ದರೆ ಇನ್ನೊಂದು ಊರು, ಇನ್ನೊಂದು ಕೋಣೆ — ಅಮ್ಮಾ, ಈ ಗುಂಡಿ ನಿಮ್ಮ ಹುಡುಗಿದೇನಾ, ಕೇಳುತ್ತಿರುವುದು ನ್ಯಾಯಾಧೀಶರು, ಕೈಗೆ ಬಂದದ್ದು ಪ್ಲಾಸ್ಟಿಕ್ ಚೀಲ, ಜಗಳದಲ್ಲಿ ಕಿತ್ತು ಬಿದ್ದದ್ದು ಅಂತ ಪೊಲೀಸರ ಚೀಟಿ. ಬೆಳಕಿಗೆ ಹಿಡಿಯುತ್ತಾಳೆ. ಕಿತ್ತಿದ್ದರೆ ಬಟ್ಟೆಯ ಎಳೆ ಬರುತ್ತಿತ್ತು, ಕತ್ತರಿಸಿದ್ದರೆ ದಾರದ ತುದಿ ನೆಟ್ಟಗಿರುತ್ತಿತ್ತು, ಇದು ಚಪ್ಪಟೆ, ಜಜ್ಜಿದ ಹಾಗೆ — ದೂರನ್ನು ಆ ಕದ್ದವನು ಕಡ್ಡಿಯ ಮುಂದೆಯೇ ಓದಿರಬೇಕು, ನಗುತ್ತಾ, ನಿನ್ನ ಚಿಕ್ಕಮ್ಮ ಗುಂಡಿ ಗುರುತು ಹಿಡಿದವಳೆ ನೋಡೇ, ಅಂತ, ಅದನ್ನು ಕೇಳಿ ಇವಳಿಗೆಂದೇ ಬಿಟ್ಟುಹೋಗಿದ್ದಾಳೆ — ಅಮ್ಮಾ, ಹೇಳಿ, ಅನ್ನುತ್ತಿದ್ದಾರೆ, ಹೇಳಬೇಕು, ನೀಲಿ ಗುಂಡಿ, ನಾಲ್ಕು ತೂತು, ಹಲ್ಲಲ್ಲಿ ಕಡಿದ ದಾರ.